ಕೈಗೆ ಬಂದ ಕ್ಯಾಮೆರಾವನ್ನು ಕೆಲಸಕ್ಕೆ ಹಚ್ಚೋಣ

ವೇಲಚೇರಿಯ ಹೋಟಲುಗಳಲ್ಲಿ ದುಡಿಯುವ ನಮ್ಮವರ ಬಿಡಾರಗಳಲ್ಲಿ ಈಗ ಒಂದು ವಸ್ತು ಕಾಣುತ್ತದೆ. ಸ್ಲೇಟಿನಷ್ಟು ಅಗಲ, ಪುಸ್ತಕದಷ್ಟು ತೂಕ, ಹೆಸರು ಟ್ಯಾಬ್ಲೆಟ್. 2020ರಲ್ಲಿ ಕೊರೋನಾದಿಂದ ಶಾಲೆಗಳು ಮುಚ್ಚಿದಾಗ ಮಕ್ಕಳ ಪಾಠಕ್ಕೆಂದು ಸಾಲ ಮಾಡಿ ಕೊಂಡವರುಂಟು. ಶಾಲೆ ತೆರೆಯಿತು, ಸಾಲ ತೀರಿತು. ಟ್ಯಾಬ್ಲೆಟ್ಟು ಸಿನಿಮಾ ನೋಡುವುದಕ್ಕೆ ಉಳಿಯಿತು. ಅದರ ಬೆನ್ನಿಗೊಂದು ಕ್ಯಾಮೆರಾ ಇದೆ. ಆದರೆ ಯಾರಾದರೂ ಅದನ್ನೆತ್ತಿ ಫೋಟೋ ತೆಗೆಯಹೊರಟರೆ ಪಕ್ಕದವರು ನಗುತ್ತಾರೆ: "ಎಂತ ಮಾರಾಯ, ದೋಸೆಕಾವಲಿ ಹಿಡ್ಕೊಂಡು ನಿಂತಿದ್ದೀ?"

ನಗುವವರು ನಗಲಿ. ಆ ಕಾವಲಿಯನ್ನು ದಿನವೂ ಎತ್ತಿ ಹಿಡಿಯಿರಿ ಎಂದೇ ನಾವು ಹೇಳುತ್ತೇವೆ. ಹಬ್ಬಕ್ಕೆ, ಮದುವೆಗೆ ಮಾತ್ರವಲ್ಲ. ನಮ್ಮ ನಿತ್ಯದ ಬದುಕಿನ, ಕೆಲಸದ, ಕಾಗದಪತ್ರಗಳ ಫೋಟೋ ತೆಗೆದಿಡಿ.

ಏಕೆಂದರೆ, ನಮ್ಮವರು ಈ ಪಟ್ಟಣದಲ್ಲಿ ತಲೆಮಾರುಗಳಿಂದ ಬೆವರು ಸುರಿಸಿದ್ದಾರೆ. ಕಣ್ಣಿಗೆ ತೋರಿಸಲು ಉಳಿದಿರುವುದೆಷ್ಟು? 1938ರಲ್ಲಿ ಮದರಾಸಿನಲ್ಲಿ ವುಡ್‌ಲ್ಯಾಂಡ್ಸ್ ಹೋಟಲನ್ನು ತೆರೆದ ಕೆ. ಕೃಷ್ಣರಾಯರ ಹೆಸರು ಎಲ್ಲರೂ ಬಲ್ಲರು. ಅವರೂ ಹೋಟಲಿನ ಕೆಲಸದಿಂದಲೇ ಮೇಲೆ ಬಂದವರು. ಅವರ ಬಗ್ಗೆ ನಮಗೆ ಗೌರವವೇ ಇದೆ. ಆದರೆ ಅಂಥ ಹೋಟಲುಗಳ ಒರಳಿನ ಮುಂದೆ ಕುಳಿತು ಅಕ್ಕಿ ಉದ್ದು ರುಬ್ಬಿದವರ ಮುಖ ಯಾರಿಗೆ ಗೊತ್ತು? ಗಲ್ಲಾದ ಮೇಲೆ ಮಾಲೆ ಹಾಕಿದ ಯಜಮಾನರ ಪಟವಿರುತ್ತದೆ. ಕ್ಲೀನರನ ಪಟ ಎಲ್ಲಿದೆ? ಮಿಲ್ಲಿನ ಬಂಧುಗಳ ಮಾತೂ ಅದೇ. ಪೆರಂಬೂರಿನ ಬಕಿಂಗ್‌ಹ್ಯಾಂ ಕರ್ನಾಟಿಕ್ ಮಿಲ್ಲಿನ ಕೂಲಿಕಾರರನ್ನು ಸೇರಿಸಿಕೊಂಡು 1918ರಲ್ಲಿ ಮದರಾಸ್ ಲೇಬರ್ ಯೂನಿಯನ್ ಹುಟ್ಟಿತು. 1996ರಲ್ಲಿ ಆ ಮಿಲ್ಲು ಮುಚ್ಚಿತು. ಅಪ್ಪ ಮಗ್ಗದ ಮುಂದೆ ನಿಂತ ಒಂದು ಫೋಟೋ ಎಷ್ಟು ಮನೆಗಳಲ್ಲಿದ್ದೀತು?

ಫೋಟೋ ಎಂದರೆ ಬರೀ ಶೋಕಿಯಲ್ಲ. 1908ರಲ್ಲಿ ಅಮೆರಿಕದಲ್ಲಿ ಲೂಯಿಸ್ ಹೈನ್ ಎಂಬವರು ಭಾರವಾದ ಕ್ಯಾಮೆರಾ ಹೊತ್ತು, ಹತ್ತಿ ಗಿರಣಿ ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆಯಲು ಹೊರಟರು. ಒಳಗೆ ಬಿಡದ ಕಡೆ ಬೇರೇನೋ ನೆಪ ಹೇಳಿ ಹೋದರು. ಮಗ್ಗದಷ್ಟೂ ಎತ್ತರವಿಲ್ಲದ ಮಕ್ಕಳನ್ನು ಜನ ಕಣ್ಣಾರೆ ಕಂಡರು. ಬಾಲಕಾರ್ಮಿಕತನಕ್ಕೆ ಆ ದೇಶದಲ್ಲಿ ಗಟ್ಟಿಯಾದ ಕಾಯಿದೆ ಬರಲು 1938ರ ತನಕ ಹಿಡಿಯಿತು. ಆದರೆ ಆ ಹೋರಾಟಕ್ಕೆ ಹೈನರ ಚಿತ್ರಗಳು ದೊಡ್ಡ ಬಲವಾದವು. ಅವರು ಹೊತ್ತ ಭಾರದ ಒಂದಂಶವೂ ನಮ್ಮ ಟ್ಯಾಬ್ಲೆಟ್ಟಿಗೆ ಇಲ್ಲ.

ಇನ್ನು ವೇಲಚೇರಿಯ ಮಾತು. ಇದು ಕೆರೆಯ ಮಗ್ಗುಲಿನ ತಗ್ಗು ಊರು. 2015ರ ಡಿಸೆಂಬರಿನಲ್ಲಿ ಮನೆಗಳ ಒಳಗೆ ನೀರು ನುಗ್ಗಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಮತ್ತೆ ನುಗ್ಗಿತು. ಆ ಮಳೆಯಲ್ಲೇ ಫೈವ್ ಫರ್ಲಾಂಗ್ ರಸ್ತೆಯ ಬಳಿ ಕಟ್ಟಡಕ್ಕೆಂದು ತೋಡಿದ್ದ ಗುಂಡಿ ಕುಸಿದು ಇಬ್ಬರು ಕೆಲಸಗಾರರು ಪ್ರಾಣ ಬಿಟ್ಟರು. ಬಿಡಾರಕ್ಕೆ ನೀರು ಬಂದರೆ ಮೊದಲು ನೆನೆಯುವುದು ಮಂಚದ ಕೆಳಗಿನ ಟ್ರಂಕು. ಅದರಲ್ಲಿ ರೇಷನ್ ಕಾರ್ಡು, ಸಂಬಳದ ಚೀಟಿ, ಆಸ್ಪತ್ರೆಯ ಕಾಗದ ಎಲ್ಲ ಇರುತ್ತವೆ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟಲಿನಲ್ಲಿ ಐದು ವರ್ಷ ಬಿಡದೆ ದುಡಿದ ಕಾಯಂ ಕೆಲಸಗಾರ ಕೆಲಸ ಬಿಡುವಾಗ ವರ್ಷಕ್ಕೆ 15 ದಿನದ ಸಂಬಳದಂತೆ ಗ್ರಾಚುಯಿಟಿ ಸಲ್ಲಬೇಕು. 1972ರ ಕಾಯಿದೆ ಹಾಗೆಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಆದರೆ "ನೀನು ಸೇರಿದ್ದು ಯಾವಾಗ?" ಎಂದು ಕೇಳಿದರೆ ಏನನ್ನು ತೋರಿಸುವುದು? ನೀರು ಕೊಂಡೊಯ್ದದ್ದನ್ನು ಕಾಯಿದೆ ಹಿಂದಕ್ಕೆ ತಂದುಕೊಡಲಾರದು.

ಆದುದರಿಂದ ಇವನ್ನು ತೆಗೆದಿಡಿ: ನೇಮಕದ ಕಾಗದ, ಪ್ರತಿ ತಿಂಗಳ ಸಂಬಳದ ಚೀಟಿ, ಮುಂಗಡ ಪಡೆದ ಲೆಕ್ಕ, ಮಲಗುವ ಜಾಗ, ಎಣ್ಣೆ ಬಿದ್ದು ಸುಟ್ಟ ಕೈ. ಗ್ಯಾಸಿನ ಕೊಳವೆ ಬಿರಿದಿದ್ದರೆ ಅದರ ಫೋಟೋ ತೆಗೆದು ಮೇಸ್ತ್ರಿಗೆ ತೋರಿಸಿ. ಅನಾಹುತವಾದ ಮೇಲೆ ತೆಗೆದು ಪ್ರಯೋಜನವಿಲ್ಲ.

ತೆಗೆಯುವ ರೀತಿಯೂ ಸುಲಭ. ಅಡಿಗೆಮನೆಯ ಎಣ್ಣೆಹೊಗೆ ಕ್ಯಾಮೆರಾದ ಕಣ್ಣಿಗೆ ಪೊರೆ ಕಟ್ಟುತ್ತದೆ. ಮೊದಲು ಮೆತ್ತನೆಯ ಬಟ್ಟೆಯಿಂದ ಒರಸಿ. ಕಡಿಮೆ ಬೆಲೆಯ ಟ್ಯಾಬ್ಲೆಟ್ಟುಗಳಲ್ಲಿ ಅನೇಕಕ್ಕೆ ಫ್ಲಾಷ್ ದೀಪವಿಲ್ಲ. ಆದುದರಿಂದ ಕಾಗದವನ್ನು ಹಗಲು ಬೆಳಕಿನಲ್ಲಿ, ಕಿಟಕಿಯ ಬಳಿ ಚಪ್ಪಟೆಯಾಗಿ ಹಾಸಿ. ಎರಡು ಕೈಯಿಂದ ಹಿಡಿದು, ಮೊಣಕೈಯನ್ನು ಮೈಗೊತ್ತಿ, ಅಕ್ಷರದ ಮೇಲೆ ಬೆರಳು ತಾಗಿಸಿ, ಅದು ಸ್ಪಷ್ಟವಾದ ಮೇಲೆ ಒತ್ತಿ. ಗಡಿಯಾರ ತಾರೀಕು ಸರಿಯಿರಲಿ. ಒಂದು ಪ್ರತಿಯನ್ನು ಊರಿನ ಮನೆಗೆ ಕಳುಹಿಸಿ. ವಾಟ್ಸಪ್ಪಿನಲ್ಲಿ ಫೋಟೋ ಎಂದು ಕಳುಹಿಸಿದರೆ ಚಿತ್ರ ಕುಗ್ಗುತ್ತದೆ, ತೆಗೆದ ಹೊತ್ತಿನ ವಿವರವೂ ಅಳಿಯುತ್ತದೆ. ಡಾಕ್ಯುಮೆಂಟ್ ಎಂದು ಕಳುಹಿಸಿದರೆ ಇದ್ದಂತೆಯೇ ಹೋಗುತ್ತದೆ. ಮೂಲ ಕಾಗದವನ್ನು ಬಿಸಾಡಬೇಡಿ. ಕೋರ್ಟಿಗೆ ಹೋದರೆ ಫೋಟೋದೊಂದಿಗೆ ಕಾನೂನು ಹೇಳಿದ ಪ್ರಮಾಣಪತ್ರವೂ ಬೇಕು.

ಮೂರು ಎಚ್ಚರಿಕೆ. ಆರ್ಡರು ಬರೆಯಲು ಹೋಟಲಿನವರು ಕೊಟ್ಟ ಟ್ಯಾಬ್ಲೆಟ್ಟಿನಲ್ಲಿ ನಿಮ್ಮ ಫೋಟೋ ಬೇಡ. ಅದು ಯಜಮಾನರ ಸ್ವತ್ತು, ಅವರು ನೋಡಬಲ್ಲರು, ಅಳಿಸಬಲ್ಲರು. ಜೊತೆಗಾರನನ್ನು ಕೇಳದೆ ಅವನ ಫೋಟೋ ತೆಗೆಯಬೇಡಿ; ಹೆಂಗಸರು, ಗಿರಾಕಿಗಳ ವಿಷಯದಲ್ಲಂತೂ ಕೈ ಎತ್ತಲೇಬೇಡಿ. ಸುಳ್ಳು ಫೋಟೋ ಕಟ್ಟಬೇಡಿ; ಒಬ್ಬನ ಸುಳ್ಳು ನೂರು ಜನರ ನಿಜವನ್ನು ಕೆಡಿಸುತ್ತದೆ.

"ಫೋನಿನಲ್ಲೇ ಆಗುತ್ತದಲ್ಲ?" ಎನ್ನುವವರಿದ್ದಾರೆ. ಒಳ್ಳೆಯ ಫೋನಿದ್ದರೆ ಧಾರಾಳವಾಗಿ ತೆಗೆಯಿರಿ. ಆದರೆ ಟ್ಯಾಬ್ಲೆಟ್ಟಿನ ಅಗಲ ಪರದೆಯನ್ನು ನಾಲ್ಕು ಜನ ಸುತ್ತ ಕುಳಿತು ನೋಡಬಹುದು. ಕನ್ನಡಕದ ಭಟ್ಟರೂ ಸಂಬಳದ ಚೀಟಿಯ ಸಣ್ಣ ಅಕ್ಷರವನ್ನು ಹಿಗ್ಗಿಸಿ ಓದಬಹುದು. ಕಡಿತವಾದ ಹಣ ಎಷ್ಟು, ಏಕೆ ಎಂದು ನಾಲ್ವರು ಕೂಡಿ ನೋಡಿದಲ್ಲಿಂದಲೇ ಸಂಘಟನೆ ಮೊದಲಾಗುತ್ತದೆ.

ದುಃಖದ ಚಿತ್ರಗಳೇ ಬೇಕೆಂದಲ್ಲ. ಇಡ್ಲಿಯ ಹಬೆಯ ಮುಂದೆ ನಿಂತ ಗೆಳೆಯ, ರಜೆಯ ದಿನ ಬಟ್ಟೆ ಒಗೆಯುವ ಸಾಲು, ಮೊದಲ ಸಂಬಳ ಎಣಿಸುವ ಹುಡುಗ, ಎಲ್ಲವೂ ಇರಲಿ. ನಮ್ಮ ಬಾಳು ನೋಡತಕ್ಕದ್ದು, ಉಳಿಸತಕ್ಕದ್ದು ಎಂದು ಮೊದಲು ನಾವು ತಿಳಿಯಬೇಕು. ನಾವೇ ತಿಳಿಯದಿದ್ದರೆ ಬೇರೆಯವರು ತಿಳಿದಾರೆಯೇ?

ಮಳೆಗಾಲ ಬರುವ ಮೊದಲೇ, ಬಂಧುಗಳೇ, ಟ್ರಂಕು ತೆರೆಯಿರಿ. ಕಾಗದಗಳನ್ನು ಬೆಳಕಿಗೆ ಹಾಸಿರಿ.