ಲೈಸೆನ್ಸ್‌ನಲ್ಲಿ ನಿದ್ದೆ ಕದಿಯುವ ಹಕ್ಕೂ ಇದೆಯೇ?

ದಾವಣಗೆರೆಯ ಮಂಡಿಪೇಟೆಯನ್ನು ಹಗಲು ಹೊತ್ತಿನಲ್ಲಷ್ಟೇ ಕಂಡವರಿಗೆ ಅಲ್ಲಿ ಜನ ಮಲಗುತ್ತಾರೆ ಎಂಬ ಸಂಗತಿಯೇ ಹೊಳೆಯುವುದಿಲ್ಲ. ಮೂಟೆ ಹೊತ್ತ ಹಮಾಲರು, ಕೈಗಾಡಿಗಳು, ಲಗೇಜ್ ಆಟೋಗಳು, ದರ ಕೂಗುವವರು, ಲೆಕ್ಕ ಬರೆಯುವವರು. ಇದು ವ್ಯಾಪಾರದ ಜಾಗ ಎಂದು ಯಾರು ಬೇಕಾದರೂ ಹೇಳಿಬಿಡಬಹುದು. ಆದರೆ ಕೆಳಗೆ ಅಂಗಡಿ ಇದ್ದರೆ ಮೇಲೆ ಮನೆಯಿದೆ, ಮುಂದೆ ಗೋದಾಮು ಇದ್ದರೆ ಹಿಂದಿನ ಗಲ್ಲಿಯಲ್ಲಿ ಸಂಸಾರಗಳಿವೆ. ರಾತ್ರಿ ಶಟರ್‌ಗಳು ಇಳಿದ ಮೇಲೆ ಪೇಟೆಯೇ ಓಣಿಯಾಗುತ್ತದೆ. ಒಂದು ಕಾಲಕ್ಕೆ ಈ ಊರಿನ ಜನರನ್ನು ಹತ್ತಿ ಗಿರಣಿಗಳ ಕೂಗು ಎಬ್ಬಿಸಿ ಕೆಲಸಕ್ಕೆ ಕಳಿಸುತ್ತಿತ್ತು. ಗಿರಣಿಗಳು ಮುಚ್ಚಿದವು. ಈಗಿನ ಸದ್ದು ಕೆಲಸಕ್ಕೆ ಕರೆಯುವುದಿಲ್ಲ, ಕೆಲಸಕ್ಕೆ ಹೋಗಬೇಕಾದವರನ್ನು ಮಲಗಲು ಬಿಡುವುದಿಲ್ಲ.

ಇಂಥದೇ ಒಂದು ಗಲ್ಲಿಯಲ್ಲಿ ನನ್ನ ಖಾಲಾ ಅವರ ಮನೆ. ಖಾಲೂ ಹಮಾಲಿ ಕೆಲಸದವರು. ಲೋಡು ಬಂದ ದಿನ ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ಮನೆಯ ಹಿಂಗೋಡೆಗೆ ಹೊಂದಿಕೊಂಡಂತೆ ಸಮಾರಂಭಗಳಿಗೆ ಬಾಡಿಗೆಗೆ ಕೊಡುವ ಒಂದು ಹಾಲು. ಅಲ್ಲಿ ಉಳಿದುಕೊಂಡ ಒಂದು ರಾತ್ರಿ ಹನ್ನೊಂದೂವರೆಯಾದರೂ ಅಡುಗೆ ಮನೆಯ ಸ್ಟೀಲ್ ತಟ್ಟೆಗಳು ತಾವಾಗಿಯೇ ಗಲಗಲ ಎನ್ನುತ್ತಿದ್ದವು. ಹಾಡಿನ ಮಾತು ಕೇಳಿಸುತ್ತಿರಲಿಲ್ಲ, 'ಧಡ್ ಧಡ್' ಎಂಬ ಬಡಿತ ಮಾತ್ರ ಎದೆಗೆ ನಾಟುತ್ತಿತ್ತು. ನಾನು ಹೋಗಿ ಮ್ಯಾನೇಜರನ್ನು ಕಂಡೆ. ಆತ ಜಗಳಗಂಟನೇನಲ್ಲ, ನಗುತ್ತಲೇ ಹೇಳಿದ: "ನಮಗೆ ಲೈಸೆನ್ಸ್ ಐತೆ ಸಾರ್, ಎಲ್ಲ ಕರೆಕ್ಟ್ ಐತೆ. ಪೇಟೆನಾಗೆ ಇದ್ಕಂಡು ಸದ್ದು ಬ್ಯಾಡ ಅಂದ್ರೆ ಹೆಂಗ್ರೀ?" ವಾಪಸು ಬಂದಾಗ ಖಾಲೂ, "ಬಿಡಪ್ಪ, ಮುಂಜಾನೆ ಹೆಂಗಿದ್ರೂ ಏಳಬೇಕು" ಎಂದು ಮಗ್ಗುಲಾದರು. ಆ ಎರಡು ಮಾತುಗಳ ನಡುವೆ ನಮ್ಮ ನಾಗರಿಕ ಬದುಕಿನ ದೊಡ್ಡದೊಂದು ರೋಗ ಅಡಗಿದೆ ಎಂದು ನನಗೆ ಅನ್ನಿಸಿತು.

ಲೈಸೆನ್ಸ್ ಎಂದರೇನು? ಅದು ಸರಕಾರ ಒಬ್ಬ ಉದ್ಯಮಿಗೆ ಕೊಟ್ಟ ಉಡುಗೊರೆಯಲ್ಲ. ಊರಿನ ಎಲ್ಲರ ಪರವಾಗಿ ಕೊಟ್ಟ, ಷರತ್ತುಗಳಿಗೆ ಒಳಪಟ್ಟ ಅನುಮತಿ. ಬಾರಿಗೆ ಅಬಕಾರಿ ಇಲಾಖೆ ಕೊಡುವುದು ಮದ್ಯ ಮಾರುವ ಅನುಮತಿ. ಪಾಲಿಕೆ ಕೊಡುವುದು ಉದ್ದಿಮೆ ನಡೆಸುವ ಅನುಮತಿ. ಇವೆರಡರಲ್ಲಿ ಯಾವುದೂ ಪಕ್ಕದ ಮನೆಯ ಗೋಡೆಯನ್ನು ನಡುಗಿಸುವ ಅನುಮತಿಯಲ್ಲ. ಧ್ವನಿವರ್ಧಕಕ್ಕೆ ಪ್ರತ್ಯೇಕವಾಗಿ ಲಿಖಿತ ಅನುಮತಿ ಬೇಕು. ಆದರೂ ನಮ್ಮಲ್ಲಿ ಗೋಡೆಗೆ ತೂಗುಹಾಕಿದ ಒಂದು ಚೌಕಟ್ಟಿನ ಕಾಗದ ಎಲ್ಲ ಪ್ರಶ್ನೆಗಳಿಗೂ ಉತ್ತರವಾಗಿಬಿಡುತ್ತದೆ. ದೂರು ಹೇಳಲು ಹೋದವನು ಸದ್ದು ಪೊಲೀಸರಿಗೆ, ಕಟ್ಟಡ ಪಾಲಿಕೆಗೆ, ಬಾಟಲಿ ಅಬಕಾರಿಗೆ, ಅಳತೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ಎಂದು ನಾಲ್ಕು ಬಾಗಿಲು ಸುತ್ತಬೇಕು. ಶುಲ್ಕ ವಸೂಲಿಗೆ ಇರುವ ಒಗ್ಗಟ್ಟು ಹೊಣೆ ಹೊರುವಾಗ ಇರುವುದಿಲ್ಲ.

ಕಾನೂನು ಇಲ್ಲವೆಂದಲ್ಲ. ಪರಿಸರ ಸಂರಕ್ಷಣಾ ಕಾಯ್ದೆಯಡಿ 2000ದಲ್ಲಿಯೇ ಶಬ್ದ ಮಾಲಿನ್ಯ ನಿಯಮಗಳು ಬಂದಿವೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ವಾಣಿಜ್ಯ ಪ್ರದೇಶದಲ್ಲಿ ಹಗಲು 65, ರಾತ್ರಿ 55. ರಾತ್ರಿಯೆಂದರೆ ಹತ್ತರಿಂದ ಬೆಳಗ್ಗೆ ಆರು. ಖಾಸಗಿ ಜಾಗದ ಸೌಂಡ್ ಸಿಸ್ಟಮ್ಮಿನ ಸದ್ದು ಆ ಜಾಗದ ಗಡಿಯಲ್ಲಿ ಈ ಮಿತಿಯನ್ನು 5 ಡೆಸಿಬಲ್‌ಗಿಂತ ಹೆಚ್ಚು ಮೀರಕೂಡದು. ರಾತ್ರಿ ಧ್ವನಿವರ್ಧಕ ನಿಷಿದ್ಧ. ಮುಚ್ಚಿದ ಸಭಾಂಗಣದೊಳಗೆ, ಒಳಗಿನವರಿಗಷ್ಟೇ ಕೇಳುವಂತೆ ಬಳಸಬಹುದು. ಧಾರ್ಮಿಕ, ಸಾಂಸ್ಕೃತಿಕ ಹಬ್ಬಗಳಿಗೆ ರಾತ್ರಿ ಹನ್ನೆರಡರ ತನಕ ವಿನಾಯಿತಿ ಕೊಡುವ ಅಧಿಕಾರ ರಾಜ್ಯ ಸರಕಾರಕ್ಕಿದೆ, ಅದೂ ವರ್ಷಕ್ಕೆ 15 ದಿನ ಮೀರದಂತೆ. ಆ ವಿನಾಯಿತಿ ಹಬ್ಬಕ್ಕೆ, ವ್ಯಾಪಾರಕ್ಕಲ್ಲ.

ಇಲ್ಲಿ ಜನರಿಗೆ ತಿಳಿಯದ ಒಂದು ಮಾತಿದೆ. ಹಗಲಿನ ಸದ್ದಿನ ಬಗ್ಗೆ ದೂರಬೇಕಾದರೆ ಅದು ಮಿತಿಗಿಂತ 10 ಡೆಸಿಬಲ್‌ನಷ್ಟಾದರೂ ಹೆಚ್ಚಿರಬೇಕು. ಹಮಾಲಿಯ ಮನೆಯಲ್ಲಿ ಶಬ್ದ ಅಳೆಯುವ ಯಂತ್ರ ಇರುತ್ತದೆಯೇ? ಆದರೆ ರಾತ್ರಿಯ ನಿರ್ಬಂಧ ಮುರಿದರೆ ದೂರಲು ಯಾವ ಅಳತೆಯೂ ಬೇಕಿಲ್ಲ, ಮುರಿದದ್ದೇ ಸಾಕು. ಹಾಗೆಯೇ 'ನಮ್ಮದು ಮುಚ್ಚಿದ ಹಾಲು' ಎಂಬ ವಾದವನ್ನೂ ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಮೇಲೆ ತಗಡಿನ ಶೀಟು, ಬದಿಗೆ ಕಬ್ಬಿಣದ ಜಾಲರಿ, ಸೆಕೆಗೆಂದು ತೆರೆದಿಟ್ಟ ಬಾಗಿಲು ಇರುವ ಜಾಗ ಮಳೆಗೆ ಮುಚ್ಚಿದ್ದಿರಬಹುದು, ಸದ್ದಿಗಲ್ಲ.

ಇನ್ನು, 'ಇದು ಕಮರ್ಷಿಯಲ್ ಏರಿಯಾ' ಎಂಬ ಮಾತು. ಮಂಡಿಪೇಟೆಯಂಥ ಜಾಗವನ್ನು ವಾಣಿಜ್ಯ ಪ್ರದೇಶವೆಂದು ಲೆಕ್ಕ ಹಾಕಿದರೆ ಅಲ್ಲಿ ಮಲಗುವ ಮಗುವಿನ ಪಾಲಿಗೆ ಬಡಾವಣೆಯ ಮಗುವಿಗಿಂತ 10 ಡೆಸಿಬಲ್ ಹೆಚ್ಚು ಸದ್ದು ಬರುತ್ತದೆ. ಹತ್ತೆಂದರೆ ಚಿಲ್ಲರೆ ಎಂದುಕೊಳ್ಳಬೇಡಿ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ, ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಹಳೇ ಪೇಟೆಯವರ ಕಿವಿ ಬೇರೆ, ಹೊಸ ಬಡಾವಣೆಯವರ ಕಿವಿ ಬೇರೆಯೇ? ಅಂಗಡಿಯೂ ಮನೆಯೂ ಬೆರೆತ ಜಾಗಗಳನ್ನು ಯಾವ ವರ್ಗಕ್ಕೆ ಸೇರಿಸಬೇಕೆಂದು ಘೋಷಿಸುವ ಅಧಿಕಾರ ಈ ನಿಯಮಗಳಲ್ಲಿಯೇ ಇದೆ. ಪೇಟೆಯ ಹಿಂದಿನ ಗಲ್ಲಿಗಳನ್ನು ವಸತಿ ಪ್ರದೇಶವೆಂದು ಘೋಷಿಸಿ ಎಂದು ಕೇಳುವುದು ಭಿಕ್ಷೆಯಲ್ಲ.

ಅಳತೆಯಲ್ಲೂ ಒಂದು ಮೋಸವಿದೆ. ನಿಯಮದ ಡೆಸಿಬಲ್ ಮನುಷ್ಯನ ಕಿವಿಗೆ ಹೊಂದಿಸಿದ 'ಎ' ಮಾಪನದ್ದು. ಅದು ಬೇಸ್ ಸದ್ದನ್ನು ಕಡಿಮೆ ಮಾಡಿ ಲೆಕ್ಕ ಹಾಕುತ್ತದೆ. ಆದರೆ ಡಿ.ಜೆ. ಬಾಕ್ಸುಗಳ ಬಲವೆಲ್ಲ ಇರುವುದು ಬೇಸ್‌ನಲ್ಲಿಯೇ, ಗೋಡೆ ದಾಟಿ ಬರುವುದೂ ಅದೇ. ತೆಳುವಾದ ದನಿಯನ್ನು ಗೋಡೆ ತಡೆಯುತ್ತದೆ, ಬೇಸ್ ನೆಲದ ಮೂಲಕವೇ ಹರಿದು ಮಂಚಕ್ಕೆ ತಲುಪುತ್ತದೆ. ಹೀಗಾಗಿ ರಸ್ತೆಯಲ್ಲಿ ನಿಂತವರ ಕೈಯಲ್ಲಿನ ಯಂತ್ರ 'ಅಷ್ಟೇನಿಲ್ಲ' ಎನ್ನುತ್ತಿರುವಾಗಲೇ ಒಳಗೆ ತಟ್ಟೆಗಳು ಗಲಗಲ ಎನ್ನುತ್ತಿರುತ್ತವೆ. ಅಳೆಯುವವರು ದೂರುದಾರನ ಮಲಗುವ ಕೋಣೆಗೂ ಬರಬೇಕು. ಆ ಕೋಣೆಯೊಳಗೆ ನೆಮ್ಮದಿಯ ನಿದ್ದೆಗೆ ಸದ್ದು 30 ಡೆಸಿಬಲ್ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲೇ ಹೇಳಿದೆ.

"ಒಂದು ರಾತ್ರಿ ಹೊಂದಿಕೊಂಡರೆ ಗಂಟೇನು ಹೋಗುತ್ತದೆ?" ಎನ್ನುವವರಿದ್ದಾರೆ. ಅವರು ಸುಪ್ರೀಂ ಕೋರ್ಟು 2005ರ ಜುಲೈ 18ರಂದು ಕೊಟ್ಟ ಶಬ್ದ ಮಾಲಿನ್ಯದ ತೀರ್ಪಿನ ಹಿನ್ನೆಲೆಯನ್ನು ತಿಳಿಯಬೇಕು. ಹದಿಮೂರು ವರ್ಷದ ಒಬ್ಬ ಬಾಲಕಿಯ ಮೇಲೆ ಅತ್ಯಾಚಾರ ನಡೆದಾಗ ಅವಳ ಕೂಗು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ. ಆಕೆ ಅಂದೇ ಸಂಜೆ ಬೆಂಕಿ ಹಚ್ಚಿಕೊಂಡು ಸತ್ತಳು. 1998ರ ಜನವರಿಯಲ್ಲಿ ಪತ್ರಿಕೆಯಲ್ಲಿ ಬಂದ ಆ ಸುದ್ದಿಯೇ ಅರ್ಜಿಗೆ ಕಾರಣವಾಯಿತು. ತನ್ನ ಮನೆಯಲ್ಲಿ ಶಾಂತಿಯಿಂದ ಇರುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನೊಳಗೆ ಬರುತ್ತದೆ, ಯಾರೂ ತಮ್ಮ ಸದ್ದನ್ನು ಒಲ್ಲದ ಕಿವಿಗೆ ತುರುಕುವಂತಿಲ್ಲ ಎಂದು ನ್ಯಾಯಾಲಯ ಸಾರಿತು.

ಹಾಗಾದರೆ ಜಗಳವನ್ನು ಬಗೆಹರಿಸುವುದು ಹೇಗೆ? ಬೆಂಗಳೂರಿನ ಇಂದಿರಾನಗರ ನಮ್ಮ ಕಣ್ಣ ಮುಂದಿದೆ. ಮನೆಗಳಿಗೆಂದು ಆದ ಬಡಾವಣೆಯಲ್ಲಿ ಒಂದೊಂದಾಗಿ ಪಬ್ಬುಗಳು ಎದ್ದವು. ವರ್ಷಗಟ್ಟಲೆ ದೂರು ಕೊಟ್ಟು ಸೋತ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲೇರಿದರು. ಇತ್ತ, ಲೈವ್ ಬ್ಯಾಂಡ್‌ಗಳನ್ನು ಲೈಸೆನ್ಸಿಗೆ ಒಳಪಡಿಸಿದ ಬೆಂಗಳೂರು ಪೊಲೀಸ್ ಕಮಿಷನರರ 2005ರ ಆದೇಶವನ್ನು ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಎತ್ತಿಹಿಡಿಯಿತು. ಆಮೇಲೆ ಏನಾಯಿತು? ಹದಿಮೂರು ವರ್ಷ ಮಲಗಿದ್ದ ಆದೇಶ ಒಮ್ಮೆಲೇ ಎದ್ದು ಕುಳಿತಿತು. ಅನೇಕ ಕಡೆ ಸಂಗೀತ ನಿಂತು, ಹಾಡಿ ಬಾರಿಸಿ ಬದುಕುತ್ತಿದ್ದ ಕಲಾವಿದರು ಸಂಜೆಯ ಸಂಪಾದನೆ ಕಳೆದುಕೊಂಡರು. ಮೊದಲೇ ಒಂದು ಗಂಟೆ, ಒಂದು ಅಳತೆ ಗೊತ್ತುಮಾಡಿ ನಡೆಸಿದ್ದರೆ ನಿವಾಸಿಗೂ ನಿದ್ದೆ ಸಿಗುತ್ತಿತ್ತು, ಹಾಡುವವನಿಗೂ ಅನ್ನ ಸಿಗುತ್ತಿತ್ತು. ಮೊದಲು ಕಣ್ಣುಮುಚ್ಚಿ ಆಮೇಲೆ ಲಾಠಿ ಬೀಸುವುದು ಆಡಳಿತವಲ್ಲ.

ಇದಕ್ಕಿಂತ ಕಹಿಯಾದ ಪಾಠ 2022ರದ್ದು. ಇಪ್ಪತ್ತೆರಡು ವರ್ಷ ಧೂಳು ತಿಂದ ಶಬ್ದ ನಿಯಮಗಳು ಆಜಾನ್ ವಿರುದ್ಧದ ಅಭಿಯಾನ ಶುರುವಾದಾಗ ಎಲ್ಲರ ನಾಲಿಗೆಯ ಮೇಲೆ ಬಂದವು. ಆ ಏಪ್ರಿಲ್‌ನಲ್ಲಿ ಬೆಂಗಳೂರು ಪೊಲೀಸರು ಕೊಟ್ಟ 301 ನೋಟಿಸುಗಳಲ್ಲಿ 125 ಮಸೀದಿಗಳಿಗೆ, 83 ದೇವಸ್ಥಾನಗಳಿಗೆ, 22 ಚರ್ಚುಗಳಿಗೆ, 12 ಕೈಗಾರಿಕೆಗಳಿಗೆ ಹೋದವು. ಪಬ್, ಬಾರ್, ರೆಸ್ಟೋರೆಂಟುಗಳಿಗೆ ಹೋದದ್ದು 59. ಅಷ್ಟು ದೊಡ್ಡ ನಗರದಲ್ಲಿ ಮದ್ಯದಂಗಡಿಗಳೆಲ್ಲ ಅಷ್ಟು ಮೌನವಾಗಿದ್ದವೇ? ಮಸೀದಿಯ ಧ್ವನಿವರ್ಧಕಕ್ಕೆ ನಿಯಮ ಬೇಡವೆಂದು ನಾನು ಹೇಳುತ್ತಿಲ್ಲ. ನಿಯಮ ಎಲ್ಲರಿಗೂ ಬೇಕು. ಆದರೆ ಸದ್ದನ್ನು ಡೆಸಿಬಲ್‌ನಲ್ಲಿ ಅಳೆಯದೆ, ಅದು ಯಾರ ಸದ್ದು ಎಂದು ನೋಡಿ ಅಳೆದರೆ ಕಾನೂನು ತಕ್ಕಡಿಯಾಗಿ ಉಳಿಯದೆ ಕೋಲಾಗುತ್ತದೆ.

ಅದೇ ಪ್ರಾಮಾಣಿಕತೆಯಿಂದ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ನಮ್ಮ ಶಾದಿ ಮಹಲುಗಳಲ್ಲಿ ವಲೀಮಾದ ರಾತ್ರಿ ಡಿ.ಜೆ. ಕುಣಿಯುವುದಿಲ್ಲವೇ? ಜಲ್ಸಾಗಳ ಭಾಷಣಗಳು ಸಭೆಯಲ್ಲಿ ಕುಳಿತವರನ್ನು ದಾಟಿ ನಾಲ್ಕು ಓಣಿಗಳಾಚೆಗೆ ಕೇಳುವುದಿಲ್ಲವೇ? ನೆರೆಯವರ ಹಕ್ಕಿನ ಬಗ್ಗೆ ಮೈಕಿನಲ್ಲಿ ಉಪದೇಶ ಮಾಡುತ್ತ ಆ ಮೈಕಿನಿಂದಲೇ ನೆರೆಯವರ ಪರೀಕ್ಷೆಗೆ ಓದುವ ಮಕ್ಕಳನ್ನು ಕಾಡುವುದಕ್ಕಿಂತ ದೊಡ್ಡ ವ್ಯಂಗ್ಯ ಬೇರೆ ಬೇಕೇ? ಬಾರಿನ ವಿರುದ್ಧ ದೂರು ಬರೆಯುವ ಕೈ ಮೊದಲು ತನ್ನ ಮಹಲಿನ ವಾಲ್ಯೂಮ್ ತಗ್ಗಿಸಬೇಕು. ಆಗ ಮಾತ್ರ ಪಕ್ಕದ ಮನೆಯ ಬಸಪ್ಪನೂ ಆ ಅರ್ಜಿಗೆ ಸಹಿ ಹಾಕುತ್ತಾನೆ.

ಸಹಿ ಎಲ್ಲರದೂ ಬೇಕು. ಒಂದೇ ಸಮುದಾಯದ ಹೆಸರುಗಳಿದ್ದರೆ ಸದ್ದಿನ ತಂಟೆ ಕೋಮಿನ ತಂಟೆಯಾಗಲು ಅರ್ಧ ಗಂಟೆ ಸಾಕು. ರಾತ್ರಿ ಸಿಟ್ಟಿನಲ್ಲಿ ಹೋಗಿ ಗೇಟು ಬಡಿಯುವ ಬದಲು ಹಗಲು ನಾಲ್ಕೈದು ಮನೆಯವರು ಸೇರಿ ಮಾಲೀಕನ ಎದುರು ಕುಳಿತುಕೊಳ್ಳಬೇಕು. ಕೇಳಬೇಕಾದ್ದು ಇಷ್ಟೇ: ಹತ್ತಕ್ಕೆ ಡಿ.ಜೆ. ಬಂದ್, ಬೇಸ್ ಬಾಕ್ಸು ನಮ್ಮ ಗೋಡೆಯಿಂದ ದೂರ, ರಬ್ಬರ್ ಹಾಸಿನ ಮೇಲೆ, ವಾಲ್ಯೂಮ್ ಒಂದು ಮಿತಿ ದಾಟದಂತೆ ತಡೆಯುವ ಲಿಮಿಟರ್, ಹಾಲು ಹಿಡಿದವರು ಸಮಯ ಮೀರಿದರೆ ಅವರ ಡಿಪಾಜಿಟ್ಟಿನಲ್ಲಿ ಕಡಿತ, ರಾತ್ರಿ ಫೋನೆತ್ತುವ ಒಬ್ಬ ಹೊಣೆಗಾರನ ನಂಬರು. ಖರ್ಚು ಯಾರದು ಎಂದರೆ, ಆಮೇಲೆ ಬಂದವರದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ 2014ರಲ್ಲಿ, ಇಂಗ್ಲೆಂಡ್ 2018ರಲ್ಲಿ ಇದೇ ತತ್ವವನ್ನು ತಮ್ಮ ಯೋಜನಾ ನಿಯಮಗಳಿಗೆ ಸೇರಿಸಿಕೊಂಡವು. ಹಳೆಯ ಸಂಗೀತದ ಹಾಲಿನ ಪಕ್ಕ ಹೊಸ ಮನೆ ಕಟ್ಟುವವನು ಸದ್ದು ತಡೆಯುವ ಗೋಡೆ ತಾನೇ ಕಟ್ಟಬೇಕು. ಹಳೆಯ ಮನೆಯ ಪಕ್ಕ ಹೊಸ ಹಾಲು ತೆರೆಯುವವನೂ ಅಷ್ಟೇ. ಮಂಡಿಪೇಟೆಯಲ್ಲಿ ಮೊದಲು ಬಂದವರು ಯಾರು ಎಂಬುದನ್ನು ಮನೆಗಳ ಹಂಚುಗಳೇ ಹೇಳುತ್ತವೆ.

ಮಾತು ನಡೆಯದಿದ್ದರೆ ದಿನಾಂಕ, ಗಂಟೆ ಬರೆದಿಟ್ಟ ಪಟ್ಟಿಯೊಂದಿಗೆ ಡಿವೈಎಸ್ಪಿಯವರಿಗೆ ಲಿಖಿತ ದೂರು ಕೊಡಬೇಕು, ಸ್ವೀಕೃತಿ ಪಡೆಯಬೇಕು. ಆ ರಾತ್ರಿಯೇ ನಿಲ್ಲಬೇಕಾದರೆ 112 ಇದೆ. ನಿಲ್ಲದ ಉಪದ್ರವಕ್ಕೆ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗಾಧಿಕಾರಿಗಳ ಬಾಗಿಲು ತಟ್ಟಬಹುದು. ಅಬಕಾರಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಬಾರಿನ ವಿರುದ್ಧದ ಆಕ್ಷೇಪಣೆ ಅದಕ್ಕೆ ಮೊದಲೇ ಕಡತ ಸೇರಿರಲಿ. ಪರಿಸರ ಕಾಯ್ದೆಯಡಿ ಇದ್ದ ಸೆರೆವಾಸದ ಶಿಕ್ಷೆ ಹೋಗಿ, 2024ರ ಏಪ್ರಿಲ್‌ನಿಂದ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ. ಅದನ್ನು ಒಮ್ಮೆಯಾದರೂ ವಸೂಲು ಮಾಡಿ ತೋರಿಸಲಿ.

ಬೆಂಗಳೂರಿನಲ್ಲಿ ಕಮಿಷನರರು ಆದೇಶ ಹೊರಡಿಸಿದ್ದು ಕರ್ನಾಟಕ ಪೊಲೀಸ್ ಕಾಯ್ದೆಯ 31ನೇ ಕಲಮಿನಡಿ. ಅದೇ ಕಲಮು ಜಿಲ್ಲಾ ಮ್ಯಾಜಿಸ್ಟ್ರೇಟರಿಗೂ ಅಧಿಕಾರ ಕೊಟ್ಟಿದೆ. ದಾವಣಗೆರೆ, ಹರಿಹರಗಳಲ್ಲಿ ಮನೆಗೋಡೆಗೆ ತಾಗಿದ ಹಾಲು, ಬಾರುಗಳಿಗೆಲ್ಲ ಒಂದೇ ಗಂಟೆ, ಒಂದೇ ಅಳತೆ, ಒಂದೇ ದೂರಿನ ಬಾಗಿಲು ಎಂಬ ಆದೇಶ ಹೊರಡಿಸಲು ಜಿಲ್ಲಾಧಿಕಾರಿಗಳು ಇನ್ನೊಂದು ರಾಜಧಾನಿಯಾಗುವವರೆಗೆ ಕಾಯಬೇಕೇ? ಮಂಡಕ್ಕಿ ಭಟ್ಟಿಯಲ್ಲಿ ನಸುಕಿಗೇ ಒಲೆ ಹಚ್ಚುವವರು, ಲಾರಿ ಇಳಿಸುವವರು, ಬಸ್ ಓಡಿಸುವವರು ನಿದ್ದೆಗೆಟ್ಟರೆ ಮರುದಿನ ಅವರಿಗೆ ರಜೆ ಇಲ್ಲ. ನೂರು ಕಿಲೋ ಮೂಟೆ ಬೆನ್ನ ಮೇಲಿರುವಾಗ ಕಣ್ಣು ಮಂಜಾದರೆ ಏನಾಗುತ್ತದೆಂದು ಹಮಾಲರನ್ನೇ ಕೇಳಿ. "ಬಿಡಪ್ಪ" ಎಂದು ಖಾಲೂ ಹೇಳಬಹುದು, ಅದು ಅವರ ದೊಡ್ಡತನ. ಲೈಸೆನ್ಸ್ ಕೊಟ್ಟವರು ಹಾಗೆನ್ನುವಂತಿಲ್ಲ.