ಮುನ್ನೂರು ಕಿಲೋಮೀಟರ್ ವೇಗಕ್ಕೊಂದು ಮೆತ್ತನೆಯ ಗೋಡೆ

ಭಾನುವಾರದ ನಸುಕಿನಲ್ಲಿ ಚಿಕ್ಕಬಳ್ಳಾಪುರದ ಹೆದ್ದಾರಿ ಬದಿಯಲ್ಲಿ ಹಾಲಿನ ಕ್ಯಾನು ಇಟ್ಟುಕೊಂಡು ನಿಲ್ಲುವವರಿಗೆ ಒಂದು ಸದ್ದು ಚೆನ್ನಾಗಿ ಪರಿಚಯ. ಬೆಂಗಳೂರಿನ ಕಡೆಯಿಂದ ನಂದಿಬೆಟ್ಟಕ್ಕೆ ಸಾಲಾಗಿ ಬರುವ ಬೈಕುಗಳ ಸದ್ದು ಅದು. ಸಾಲಿನ ನಡುವೆ ಯಾವನೋ ಒಬ್ಬ ಮುಂದಿನ ಚಕ್ರವನ್ನು ಗಾಳಿಗೆ ಎತ್ತಿ ಹಿಂದಿನ ಚಕ್ರದ ಮೇಲೇ ಓಡಿಸುತ್ತಾನೆ. ಅದನ್ನು ನೋಡಿದ ಊರಿನ ಹುಡುಗರಿಗೂ ಆಸೆ ಹುಟ್ಟುತ್ತದೆ. ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಪಿಯುಸಿ ಹುಡುಗರ ಬಾಯಲ್ಲಿ ಇದಕ್ಕೆಲ್ಲ ಒಂದೇ ಹೆಸರು, 'ರೇಸು'. ನಿಜವಾದ ರೇಸು ನಡೆಯುವ ಕಡೆ ಎಷ್ಟು ಜನ ಎಷ್ಟು ಬಗೆಯ ಕಾವಲು ಕಾಯುತ್ತಾರೆಂಬುದು ತಿಳಿದರೆ ಆ ಹೆಸರನ್ನು ಇಷ್ಟು ಅಗ್ಗವಾಗಿ ಬಳಸಲಾರರು.

ಅಮೆರಿಕದಲ್ಲಿ 'ಸ್ಟಾಕ್ ಕಾರ್' ಓಟ ಎಂಬುದೊಂದಿದೆ. ಅಂಗಡಿಯ ದಾಸ್ತಾನಿನಲ್ಲಿ ಮಾರಾಟಕ್ಕಿದ್ದ ಕಾರನ್ನೇ ತಂದು ಓಡಿಸುತ್ತಿದ್ದುದರಿಂದ ಆ ಹೆಸರು. ಈಗ ಹೆಸರು, ಹೊರಗಿನ ಚಹರೆ ಮಾತ್ರ ಅಂಗಡಿಯದು. ಒಳಗೆಲ್ಲ ಉಕ್ಕಿನ ಕೊಳವೆಗಳ ಪಂಜರ. ಈ ಓಟಗಳನ್ನು ನಡೆಸುವ 'ನಾಸ್ಕಾರ್' ಸಂಸ್ಥೆ ೧೯೪೮ರಲ್ಲಿ ಹುಟ್ಟಿತು. ಫ್ಲಾರಿಡಾದ ಡೇಟೋನಾದಲ್ಲಿ ೧೯೫೯ರಲ್ಲಿ ತೆರೆದ ನಾಲ್ಕು ಕಿಲೋಮೀಟರ್ ಸುತ್ತಳತೆಯ ಓಟದ ದಾರಿ ಇವುಗಳಲ್ಲಿ ಪ್ರಸಿದ್ಧ. ಅದರ ತಿರುವುಗಳು ನೆಲಕ್ಕೆ ೩೧ ಡಿಗ್ರಿ ಓರೆಯಾಗಿ, ಬಾಣಲೆಯ ಅಂಚಿನಂತೆ ಎದ್ದು ನಿಂತಿವೆ. ಹಾಗೆ ಓರೆ ಮಾಡದಿದ್ದರೆ ಆ ವೇಗದಲ್ಲಿ ಕಾರನ್ನು ತಿರುವಿನೊಳಗೆ ಹಿಡಿದಿಡಲು ಟೈರಿನ ಘರ್ಷಣೆಯೊಂದೇ ಸಾಲದು.

ಆ ವೇಗ ಎಂಥದು? ಗಂಟೆಗೆ ೩೦೦ ಕಿ.ಮೀ. ಎಂದರೆ ಸೆಕೆಂಡಿಗೆ ೮೩ ಮೀಟರ್. ಒಂದೂವರೆ ಟನ್ ತೂಕದ ಕಾರಿಗೆ ಆ ವೇಗದಲ್ಲಿ ೫೦ ಲಕ್ಷ ಜೂಲ್‌ಗೂ ಮೀರಿದ ಚಲನಶಕ್ತಿ ಇರುತ್ತದೆ. ಜೂಲ್ ಲೆಕ್ಕ ಮನಸ್ಸಿಗೆ ನಾಟುವುದಿಲ್ಲ ಎನ್ನುವವರು ಹೀಗೆ ನೋಡಬಹುದು. ಎಷ್ಟು ಎತ್ತರದಿಂದ ಬಿದ್ದರೆ ಅದೇ ವೇಗ ಬರುತ್ತದೆ? ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿದರೆ ಆಯಿತು, ಹತ್ತನೇ ತರಗತಿಯ ಲೆಕ್ಕ. ಉತ್ತರ ಸುಮಾರು ೩೫೦ ಮೀಟರ್. ನಂದಿಬೆಟ್ಟದ ತುದಿ ಸಮುದ್ರಮಟ್ಟದಿಂದ ೧೪೭೮ ಮೀಟರ್. ಚಿಕ್ಕಬಳ್ಳಾಪುರದ ಬಯಲು ೯೦೦ರ ಆಸುಪಾಸು. ಬೆಟ್ಟದ ಅರ್ಧಕ್ಕಿಂತ ಮೇಲಿನಿಂದ ಕಾರನ್ನು ನೇರವಾಗಿ ಕೆಳಕ್ಕೆ ಕೆಡವಿದ ಹಾಗೆ. ಗಾಳಿಯ ತಡೆಯನ್ನು ಬಿಟ್ಟು ಹಾಕಿದ ಲೆಕ್ಕ ಇದು, ಪರೀಕ್ಷೆಯಲ್ಲಿ ಬಿಡುವ ಹಾಗೆಯೇ.

ಇಷ್ಟು ಶಕ್ತಿ ಒಮ್ಮೆ ಗೋಡೆಗೆ ಬಡಿದರೆ ಏನಾಗುತ್ತದೆ ಎಂಬ ಪಾಠವನ್ನು ಆ ಓಟದವರು ಬಹಳ ದುಬಾರಿ ಬೆಲೆ ತೆತ್ತು ಕಲಿತರು. ೨೦೦೧ರ ಫೆಬ್ರವರಿ ೧೮ರಂದು ಡೇಟೋನಾದ ಓಟದ ಕೊನೆಯ ಸುತ್ತು. ಏಳು ಬಾರಿ ಚಾಂಪಿಯನ್ ಆಗಿದ್ದ ಡೇಲ್ ಅರ್ನ್‌ಹಾರ್ಟ್ ಅವರ ಕಾರು ಕಾಂಕ್ರೀಟ್ ಗೋಡೆಗೆ ಬಡಿಯಿತು. ನೋಡಿದವರಿಗೆ ಅದು ದೊಡ್ಡ ಅಪಘಾತವೆನಿಸಲಿಲ್ಲ. ಕಾರು ಪಲ್ಟಿಯಾಗಲಿಲ್ಲ, ಬೆಂಕಿ ಹತ್ತಲಿಲ್ಲ. ಆದರೆ ಚಾಲಕ ಬದುಕಲಿಲ್ಲ. ತಲೆಬುರುಡೆಯ ತಳದ ಮೂಳೆ ಮುರಿದಿತ್ತು. ತನಿಖೆ ನಡೆಸಿದವರು ಕೊಟ್ಟ ಒಂದು ಅಂಕಿಯನ್ನು ಇಲ್ಲಿ ಗಮನಿಸಬೇಕು. ಗೋಡೆಗೆ ಓರೆಯಾಗಿ ಬಡಿದ ಆ ಕ್ಷಣದಲ್ಲಿ ಕಾರಿನ ವೇಗದಲ್ಲಿ ಆದ ಬದಲಾವಣೆ ಗಂಟೆಗೆ ಸುಮಾರು ೭೦ ಕಿ.ಮೀ. ಮಾತ್ರ. ಎಪ್ಪತ್ತು! ಚಿಂತಾಮಣಿ ರಸ್ತೆಯಲ್ಲಿ ಟ್ಯೂಷನ್ನಿಗೆ ಹೊರಟ ಹುಡುಗನ ಬೈಕು ಮುಟ್ಟುವ ವೇಗ ಅದು.

ಬೆಲ್ಟು ಇರುವುದು ಮೈಯನ್ನು ಸೀಟಿಗೆ ಕಟ್ಟಿ ಹಿಡಿಯಲು. ತಲೆಯನ್ನು ಹಿಡಿಯುವವರು ಯಾರೂ ಇರಲಿಲ್ಲ. ಜಡತ್ವದ ನಿಯಮದಂತೆ ತಲೆ, ಅದರ ಮೇಲಿನ ಹೆಲ್ಮೆಟ್ ಸಮೇತ, ಮುಂದಕ್ಕೆ ಹೋಗುತ್ತಲೇ ಇರುತ್ತದೆ; ಕತ್ತು ಆ ಎಳೆತವನ್ನು ತಾಳಬೇಕು. ಇದಕ್ಕೆ ಪರಿಹಾರ ಆಗಲೇ ಇತ್ತು. ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರಾಬರ್ಟ್ ಹಬ್ಬರ್ಡ್, ಅವರ ಭಾವಮೈದುನ ಹಾಗೂ ಓಟಗಾರ ಜಿಮ್ ಡೌನಿಂಗ್ ಸೇರಿ ೧೯೮೦ರ ದಶಕದಲ್ಲೇ 'ಹ್ಯಾನ್ಸ್' ಎಂಬ ಸಾಧನ ಮಾಡಿದ್ದರು. ಹೆಗಲ ಮೇಲೆ ಕೂರುವ ಒಂದು ಪಟ್ಟಿ, ಅದರಿಂದ ಹೆಲ್ಮೆಟ್ಟಿನ ಎರಡೂ ಬದಿಗೆ ಎರಡು ಲಾಡಿ, ಅಷ್ಟೆ. ಚಾಲಕರು ಅದನ್ನು ತೊಡಲು ಒಪ್ಪುತ್ತಿರಲಿಲ್ಲ. ಕತ್ತಿಗೆ ಇರಿಸುಮುರಿಸು ಎನ್ನುತ್ತಿದ್ದರು. ನಮ್ಮಲ್ಲಿ ಹೆಲ್ಮೆಟ್ಟನ್ನು ಮೊಣಕೈಗೆ ನೇತುಹಾಕಿಕೊಂಡು ಹೋಗುವವರು ಹೇಳುವುದೂ ಇದೇ ಮಾತು. ೨೦೦೧ರ ಅಕ್ಟೋಬರಿನಲ್ಲಿ ತಲೆ-ಕತ್ತಿನ ರಕ್ಷಣೆ ಕಡ್ಡಾಯವಾಯಿತು.

ಇನ್ನು ಗೋಡೆ. ಬೀಳುವ ಟೊಮೇಟೊವನ್ನು ಹಿಡಿಯುವಾಗ ಕೈ ತಾನಾಗಿ ಕೆಳಕ್ಕೆ ಜಾರುತ್ತದೆ. ಚಿಂತಾಮಣಿಯ ಮಂಡಿಯಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಬೇಕಿಲ್ಲ. ನಿಲ್ಲುವ ದೂರ ಹೆಚ್ಚಿದಷ್ಟೂ ಪೆಟ್ಟು ಕಡಿಮೆ. ೭೦ ಕಿ.ಮೀ. ವೇಗ ೧೦ ಸೆಂಟಿಮೀಟರಿನಲ್ಲಿ ನಿಂತರೆ ದೇಹದ ಮೇಲಿನ ಹೊರೆ ಗುರುತ್ವಾಕರ್ಷಣೆಯ ಸುಮಾರು ೧೯೦ ಪಟ್ಟು. ಅದೇ ವೇಗ ೫೦ ಸೆಂಟಿಮೀಟರಿನಲ್ಲಿ ನಿಂತರೆ ೩೮ ಪಟ್ಟು. ಸಾವಿಗೂ ಬದುಕಿಗೂ ನಡುವೆ ಇರುವುದು ಒಂದು ಮೊಳಕ್ಕಿಂತ ಕಡಿಮೆ ಅಂತರ. ನೆಬ್ರಾಸ್ಕಾ ವಿಶ್ವವಿದ್ಯಾನಿಲಯದ ಎಂಜಿನಿಯರುಗಳು ಕಾಂಕ್ರೀಟ್ ಗೋಡೆಯ ಮುಂದೆ ಉಕ್ಕಿನ ಕೊಳವೆಗಳನ್ನು ನಿಲ್ಲಿಸಿ, ನಡುವೆ ಫೋಮಿನ ದಿಂಡುಗಳನ್ನು ತುಂಬಿದ ಎರಡನೆಯ ಗೋಡೆಯೊಂದನ್ನು ರೂಪಿಸಿದರು. ೨೦೦೨ರ ಮೇ ತಿಂಗಳಿನಲ್ಲಿ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ, ಆಮೇಲೆ ಉಳಿದ ಕಡೆ ಅದು ಬಂತು. ೨೦೦೧ರ ಆ ಸಾವಿನ ನಂತರ ೨೦೨೪ರ ಕೊನೆಯವರೆಗೆ ನಾಸ್ಕಾರ್‌ನ ಅತ್ಯುನ್ನತ ದರ್ಜೆಯ ಓಟಗಳಲ್ಲಿ ಒಬ್ಬ ಚಾಲಕನೂ ಸತ್ತಿಲ್ಲ. ಚಾಲಕರು ದಿಢೀರನೆ ಜಾಣರಾದದ್ದರಿಂದ ಬಂದ ಫಲ ಇದೆಂದು ಯಾರೂ ಹೇಳುವುದಿಲ್ಲ.

ನೋಡುವವರ ರಕ್ಷಣೆ ಇನ್ನೊಂದು ದೊಡ್ಡ ಅಧ್ಯಾಯ. ೧೯೫೫ರ ಜೂನ್ ೧೧ರಂದು ಫ್ರಾನ್ಸಿನ ಲ ಮಾನ್ಸ್ ಓಟದಲ್ಲಿ ಒಂದು ಕಾರು ಜನರ ಮೇಲೆ ಹಾರಿ ೮೦ಕ್ಕೂ ಹೆಚ್ಚು ಮಂದಿ ಸತ್ತರು. ಬೇಲಿಗಳು ಎತ್ತರವಾದವು, ಉಕ್ಕಿನ ಹಗ್ಗಗಳು ಬಂದವು. ಹಾಗಿದ್ದೂ ೨೦೧೩ರ ಫೆಬ್ರವರಿಯಲ್ಲಿ ಡೇಟೋನಾದಲ್ಲಿ ಒಂದು ಕಾರು ಬೇಲಿಗೆ ಅಪ್ಪಳಿಸಿ, ಚಕ್ರವೊಂದು ಪ್ರೇಕ್ಷಕರ ನಡುವೆ ಬಿತ್ತು. ೨೮ ಮಂದಿಗೆ ಪೆಟ್ಟಾಯಿತು. ಕಾರು ಬಡಿದದ್ದು ಜನ ದಾಟಲೆಂದು ಬೇಲಿಯಲ್ಲಿ ಇಟ್ಟಿದ್ದ ಗೇಟಿನ ಜಾಗಕ್ಕೆ. ಬೇಲಿ ಎಷ್ಟೇ ಗಟ್ಟಿಯಿರಲಿ, ಅದರ ಬಲ ಗೇಟಿನ ಬಲವಷ್ಟೇ ಎಂಬುದು ತೋಟಕ್ಕೆ ಬೇಲಿ ಹಾಕಿದ ರೈತನಿಗೆ ಗೊತ್ತಿರುವ ಸಂಗತಿ.

ನಮ್ಮ ದೇಶದಲ್ಲಿಯೂ ಪಾಠಗಳಿಗೆ ಕೊರತೆಯಿಲ್ಲ. ೨೦೧೯ರ ಸೆಪ್ಟೆಂಬರಿನಲ್ಲಿ ರಾಜಸ್ಥಾನದ ಬಾಡಮೇರ್ ಬಳಿ ರಾಷ್ಟ್ರೀಯ ರ್‍ಯಾಲಿ ನಡೆಯುತ್ತಿದ್ದಾಗ, ಮುಚ್ಚಿದ್ದ ರಸ್ತೆಯೊಳಗೆ ಬಂದ ಬೈಕಿಗೆ ಕಾರು ಬಡಿದು ತಂದೆ, ತಾಯಿ, ಮಗ ಮೂವರೂ ತೀರಿಕೊಂಡರು. ಹಳ್ಳಿಯ ದಾರಿಯಲ್ಲಿ ರ್‍ಯಾಲಿ ನಡೆಸುವಾಗ ಪ್ರತಿ ಕಾಲುದಾರಿಗೂ ಕಾವಲು ಬೇಕು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ 'ಕೆ-೧೦೦೦'ದಂಥ ರ್‍ಯಾಲಿಗಳಿಗೂ ಇದು ಅನ್ವಯಿಸುತ್ತದೆ. ಅದಕ್ಕಿಂತ ಮನಸ್ಸು ಕಲಕುವ ಸುದ್ದಿ ೨೦೨೩ರ ಆಗಸ್ಟ್ ೫ರದು. ಚೆನ್ನೈ ಸಮೀಪದ ಓಟದ ದಾರಿಯಲ್ಲಿ, ರಾಷ್ಟ್ರೀಯ ಬೈಕ್ ಚಾಂಪಿಯನ್‌ಷಿಪ್ಪಿನ ಹೊಸಬರ ಓಟದಲ್ಲಿ, ಬೆಂಗಳೂರಿನ ೧೩ ವರ್ಷದ ಬಾಲಕ ಬಿದ್ದು ಅಸುನೀಗಿದ. ಪ್ರತಿಭಾವಂತ ಹುಡುಗ, ತರಬೇತಿ ಪಡೆದವ, ತೊಡಬೇಕಾದ್ದನ್ನೆಲ್ಲ ತೊಟ್ಟಿದ್ದವ. ಆ ವಾರದ ಉಳಿದ ಓಟಗಳನ್ನೆಲ್ಲ ರದ್ದು ಮಾಡಲಾಯಿತು. ಆಂಬುಲೆನ್ಸ್, ವೈದ್ಯರು, ಬಾವುಟ ಹಿಡಿದ ಸಿಬ್ಬಂದಿ ಎಲ್ಲ ಸಿದ್ಧವಿರುವ ಕಡೆಯೇ ಹೀಗಾಗಬಹುದಾದರೆ, ಎದುರಿನಿಂದ ಟ್ರ್ಯಾಕ್ಟರು, ಪಕ್ಕದಿಂದ ಎಮ್ಮೆ ಬರುವ ರಸ್ತೆಯ ಮಾತೇನು? ಹದಿನೆಂಟು ತುಂಬದ ಮಗ ಬೈಕು ಓಡಿಸಿ ಅಪರಾಧವೆಸಗಿದರೆ ೨೦೧೯ರ ತಿದ್ದುಪಡಿಯ ಪ್ರಕಾರ ಪೋಷಕರಿಗೆ ೨೫,೦೦೦ ರೂಪಾಯಿ ದಂಡ, ಮೂರು ವರ್ಷದವರೆಗೆ ಸೆರೆವಾಸ. ಎಸ್ಸೆಸ್ಸೆಲ್ಸಿ ಪಾಸಾದ ಸಂತೋಷಕ್ಕೆ ಬೈಕು ಕೊಡಿಸುವ ಅಪ್ಪಂದಿರಿಗೆ ಇದು ಗೊತ್ತಿಲ್ಲವೆಂದಲ್ಲ.

ಓಟವೇ ಇಲ್ಲದ ಕಡೆಯೂ ಜನಸಂದಣಿ ಕೊಲ್ಲಬಲ್ಲದು. ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಬಂದವರಲ್ಲಿ ೧೧ ಮಂದಿ ನೂಕುನುಗ್ಗಲಿನಲ್ಲಿ ಪ್ರಾಣ ಬಿಟ್ಟರು. ಶಾಲೆಗೆ ಹೋಗುವ ಮಕ್ಕಳೂ ಅವರಲ್ಲಿದ್ದರು. ಕಾಲ್ತುಳಿತ ಎಂದು ಪತ್ರಿಕೆಗಳು ಬರೆಯುತ್ತವೆ. ಇಂಥ ಕಡೆ ಹೆಚ್ಚಿನವರು ಸಾಯುವುದು ನಿಂತಲ್ಲೇ, ಎದೆ ಹಿಗ್ಗಲು ಜಾಗವಿಲ್ಲದೆ ಉಸಿರು ಕಟ್ಟಿ. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರು ನಿಂತರೆ ಆರಾಮ. ಐದು ದಾಟಿತೆಂದರೆ ಗುಂಪು ದ್ರವದಂತೆ ವರ್ತಿಸತೊಡಗುತ್ತದೆ. ಹಿಂದಿನವನ ಸಣ್ಣ ತಳ್ಳು ಅಲೆಯಾಗಿ ಮುಂದಿನವನ ಪಕ್ಕೆಲುಬಿಗೆ ಬಂದು ಸೇರುತ್ತದೆ. ಹಿಂದಿದ್ದವನಿಗೆ ಮುಂದೇನಾಗಿದೆ ಎಂಬುದು ಕಾಣುವುದೇ ಇಲ್ಲ. ಅಲ್ಲಿ ಸಿಕ್ಕಿಬಿದ್ದವರು ಎರಡೂ ಮುಂಗೈಗಳನ್ನು ಎದೆಯ ಮುಂದೆ ಅಡ್ಡ ಹಿಡಿದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು, ಅಲೆಗೆ ಎದುರು ನಿಲ್ಲದೆ ಓರೆಯಾಗಿ ಅಂಚಿನ ಕಡೆ ಸರಿಯಬೇಕು, ಚಪ್ಪಲಿ ಬಿದ್ದರೆ ಬಗ್ಗಬಾರದು.

ಶಿವರಾತ್ರಿಯ ವೇಳೆಗೆ ನಂದಿಯಲ್ಲಿ ಭೋಗನಂದೀಶ್ವರನ ತೇರು ಎಳೆಯುವಾಗ ಚಕ್ರಕ್ಕೆ ಮರದ ಬೆಣೆ ಕೊಡುವವರನ್ನು ಮಕ್ಕಳು ಒಮ್ಮೆ ಗಮನಿಸಿ ನೋಡಬೇಕು. ಟನ್ನುಗಟ್ಟಲೆ ತೂಕದ ತೇರಿಗೆ ಬ್ರೇಕೂ ಅವರೇ, ಸ್ಟಿಯರಿಂಗೂ ಅವರೇ. ಚಕ್ರದ ಬಳಿ ಅವರ ಹೊರತು ಬೇರೆಯವರಿಗೆ ಜಾಗವಿಲ್ಲ. ಡೇಟೋನಾದ ದಾರಿಗೂ ಇದೇ ನಿಯಮ.

ಕ್ರೀಡಾಂಗಣ ಕಟ್ಟುವವರು ಬಳಸುವ ಒಂದು ಅಳತೆ ಶಾಲೆಗಳಿಗೂ ಉಪಯೋಗಕ್ಕೆ ಬರುತ್ತದೆ. ಸಮತಟ್ಟು ನೆಲದಲ್ಲಿ ಒಂದು ಮೀಟರ್ ಅಗಲದ ದಾರಿಯಿಂದ ನಿಮಿಷಕ್ಕೆ ಹೆಚ್ಚೆಂದರೆ ೮೨ ಮಂದಿ ಹೊರಬರಬಹುದು, ಮೆಟ್ಟಿಲಿದ್ದರೆ ೬೬. ಮೂರು ಮೀಟರ್ ಗೇಟಿನ ಮೈದಾನದಿಂದ ಎರಡು ಸಾವಿರ ಜನ ಹೊರಬರಲು ಎಂಟು ನಿಮಿಷ ಬೇಕು. ಮುಂದಿನ ವಾರ್ಷಿಕೋತ್ಸವಕ್ಕೆ ಮೊದಲು ಟೇಪು ಹಿಡಿದು ತಮ್ಮ ಶಾಲೆಯ ಗೇಟನ್ನು ಅಳೆಯುವ ವಿದ್ಯಾರ್ಥಿಗಳು, ಎರಡು ಕದಗಳಲ್ಲಿ ಒಂದಕ್ಕೆ ಬೀಗ ಹಾಕಿದ್ದರೆ ಆ ಎಂಟು ನಿಮಿಷ ಹದಿನಾರಾಗುತ್ತದೆಂಬುದನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಬೀಗದ ಕೈ ಯಾರ ಬಳಿ ಇದೆ ಎಂದು ಕೇಳಿಟ್ಟುಕೊಳ್ಳುವುದೂ ಒಳ್ಳೆಯದು.