ಸ್ಕೈಡೈವಿಂಗ್ ಸುರಕ್ಷತೆ: ಪ್ಯಾರಾಚೂಟ್ ಸರಿ, ವಿಮಾನ ನೋಡುವವರಾರು?

ನಾಗಪುರ: ದೇಶದ ನಡುಮಧ್ಯದ ಈ ನಗರದ ಮೇಲೆ ದೆಹಲಿ–ಚೆನ್ನೈ, ಮುಂಬೈ–ಕೋಲ್ಕತ್ತ ನಡುವಿನ ವಿಮಾನಗಳು ಹಗಲಿರುಳೂ ಹಾದುಹೋಗುತ್ತವೆ. ಇಂಥ ಕಡೆ ಪ್ರವಾಸಿಯೊಬ್ಬ 10,000 ಅಡಿ ಎತ್ತರದಿಂದ ಜಿಗಿಯಬೇಕೆಂದರೆ ವಾಯು ಸಂಚಾರ ನಿಯಂತ್ರಣದ ಅನುಮತಿ, ಸುಸ್ಥಿತಿಯ ವಿಮಾನ, ಅನುಭವಿ ಪೈಲಟ್, ಸರಿಯಾಗಿ ಮಡಚಿದ ಪ್ಯಾರಾಚೂಟ್ ಎಲ್ಲವೂ ಇರಬೇಕು. ಇವೆಲ್ಲವನ್ನೂ ಒಟ್ಟಾಗಿ ಪರಿಶೀಲಿಸುವವರು ಯಾರು?

ಎರಡು ದಡದ ನಿಯಮ

ಕೇಂದ್ರ ವಿಮಾನಯಾನ ಸಚಿವಾಲಯ 2022ರ ಜೂನ್‌ನಲ್ಲಿ ರಾಷ್ಟ್ರೀಯ ವಾಯು ಕ್ರೀಡಾ ಮಾರ್ಗಸೂಚಿ ಹೊರಡಿಸಿತು. ಸ್ಕೈಡೈವಿಂಗ್ ಸೇರಿ 11 ಕ್ರೀಡೆಗಳು ಇದರ ವ್ಯಾಪ್ತಿಯಲ್ಲಿವೆ. ಭಾರತೀಯ ವಾಯು ಕ್ರೀಡಾ ಒಕ್ಕೂಟ ಮೇಲಿನ ಹಂತದಲ್ಲಿದ್ದು, ಆಯಾ ಕ್ರೀಡೆಯ ಸಂಘವೇ ಸುರಕ್ಷತಾ ಮಾನದಂಡ ರೂಪಿಸಬೇಕು. ಸೇವೆ ನೀಡುವವರು ಮತ್ತು ಮುಖ್ಯ ಸಲಕರಣೆಗಳ ನೋಂದಣಿ ಕಡ್ಡಾಯ.

ಆದರೆ ವಿಮಾನದ ಹಾರಾಟ ಯೋಗ್ಯತೆ, ಪೈಲಟ್ ಪರವಾನಗಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಕೈಯಲ್ಲಿವೆ. ಈ ಬಿಗಿ ಎಂಥದ್ದೆಂದು ನಾಗಪುರಕ್ಕೆ ಗೊತ್ತು. ಅಗತ್ಯ ಅನುಮೋದನೆ ಇಲ್ಲದೆ ಇಲ್ಲಿನ ಸರ್ಕಾರಿ ಫ್ಲೈಯಿಂಗ್ ಕ್ಲಬ್‌ನ ತರಬೇತಿ ವಿಮಾನಗಳು ವರ್ಷಗಟ್ಟಲೆ ನೆಲ ಬಿಡಲಿಲ್ಲ. ವಿಷಯ ಹೈಕೋರ್ಟ್‌ನ ನಾಗಪುರ ಪೀಠದವರೆಗೂ ಹೋಯಿತು.

ಹವಾಯಿಯ ಪಾಠ

ಅಮೆರಿಕದಲ್ಲಿ ಜಿಗಿತದ ನಿಯಮಗಳು ಕಟ್ಟುನಿಟ್ಟು. ಪ್ರಮಾಣಪತ್ರ ಪಡೆದ ತಜ್ಞರು ಮೀಸಲು ಪ್ಯಾರಾಚೂಟನ್ನು 180 ದಿನಗಳೊಳಗೆ ಮಡಚಿರಬೇಕು. ಪ್ರವಾಸಿಯನ್ನು ಕಟ್ಟಿಕೊಂಡು ಜಿಗಿಯುವ ತರಬೇತುದಾರನಿಗೆ 3 ವರ್ಷದ ಅನುಭವ, 500 ಜಿಗಿತ ಆಗಿರಬೇಕು. ಆದರೂ 1980ರಿಂದ 2008ರವರೆಗೆ ಜಿಗಿತಗಾರರನ್ನು ಒಯ್ಯುವ ವಿಮಾನಗಳ 32 ಅಪಘಾತಗಳಲ್ಲಿ 172 ಜನ ಸತ್ತರೆಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ಲೆಕ್ಕ ಹಾಕಿತು.

2019ರ ಜೂನ್ 21ರಂದು ಹವಾಯಿಯಲ್ಲಿ ಇಂಥದೇ ವಿಮಾನ ಟೇಕಾಫ್ ಆದ ಕೂಡಲೇ ಬಿದ್ದು, ಅದರಲ್ಲಿದ್ದ 11 ಮಂದಿಯೂ ಸತ್ತರು. ಪೈಲಟ್ ಅತಿರಭಸದಿಂದ ವಿಮಾನ ಏರಿಸಿದ್ದ. ಹಿಂದೊಮ್ಮೆ ಅವಘಡಕ್ಕೆ ಸಿಕ್ಕಿದ್ದ ಆ ವಿಮಾನದ ರೆಕ್ಕೆ ತಿರುಚಿತ್ತು. ಹಣ ಕೊಟ್ಟು ಬರುವವರನ್ನು ಹೊತ್ತೊಯ್ದರೂ ಇಂಥ ಹಾರಾಟಗಳ ಮೇಲೆ ಸರ್ಕಾರದ ನಿಗಾ ಸಾಲದು ಎಂದು ಮಂಡಳಿ ಹೇಳಿತು. ಯಾರೂ ಜಿಗಿಯುವ ಹಂತಕ್ಕೇ ಬಂದಿರಲಿಲ್ಲ.

ನಮಗೇನು?

ಮೈಸೂರು ವಿಮಾನ ನಿಲ್ದಾಣದಲ್ಲೂ ಸ್ಕೈಡೈವಿಂಗ್ ಶಿಬಿರಗಳು ನಡೆದಿವೆ. 2020ರ ಅಕ್ಟೋಬರ್‌ನಲ್ಲಿ ಕಾರವಾರ ಕಡಲತೀರದಲ್ಲಿ ಪ್ಯಾರಾಮೋಟರ್ ಸಮುದ್ರಕ್ಕೆ ಬಿದ್ದು ನೌಕಾಪಡೆ ಅಧಿಕಾರಿಯೊಬ್ಬರು ಮೃತಪಟ್ಟದ್ದನ್ನೂ ರಾಜ್ಯ ಕಂಡಿದೆ. ಪ್ಯಾರಾಚೂಟ್ ಸಂಘದ ಪಾಲು, ವಿಮಾನ ಡಿಜಿಸಿಎ ಪಾಲು ಎಂದು ಹಂಚಿಕೊಂಡರೆ ನಡುವಿನ ಹೊಣೆ ಅನಾಥವಾಗುತ್ತದೆ. ವಿಮಾನದಲ್ಲಿ ಎಷ್ಟು ಜನ, ಎಷ್ಟು ಭಾರ, ಯಾರು ಎಲ್ಲಿ ಕೂರಬೇಕು ಎಂಬುದೆಲ್ಲ ಬರುವುದು ಅಲ್ಲೇ. ಶಿಬಿರಕ್ಕೆ ಅನುಮತಿ ಕೊಡುವ ಮುನ್ನ ಇಬ್ಬರೂ ಜಂಟಿಯಾಗಿ ತಪಾಸಣೆ ಮಾಡಿ, ವರದಿಯನ್ನು ಸಾರ್ವಜನಿಕರ ಮುಂದಿಡುವುದು ಕಷ್ಟದ ಕೆಲಸವೇನಲ್ಲ.

ಅಲ್ಲಿಯವರೆಗೆ, ಹೊಣೆ ನಮ್ಮದಲ್ಲ ಎಂಬ ಸಂಘಟಕರ ಪತ್ರಕ್ಕೆ ಸಹಿ ಹಾಕುವ ಮುನ್ನ ಗ್ರಾಹಕರು ಮೂರು ಪ್ರಶ್ನೆ ಕೇಳಲಿ: ಸಂಸ್ಥೆಯ ನೋಂದಣಿ ಎಲ್ಲಿದೆ? ಮೀಸಲು ಪ್ಯಾರಾಚೂಟ್ ಕೊನೆಯ ಬಾರಿ ಮಡಚಿದ್ದು ಯಾವಾಗ? ಈ ವಿಮಾನದ ತಪಾಸಣೆ ಎಂದು ಆಯಿತು?